ಗಾಜಿನ ತೊಟ್ಟಿಯೊಳಗಿನ ಮೀನಿನ ಚಿತ್ರ

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯ ಕಿಟಕಿಯ ಬಳಿ ಒಂದು ಗಾಜಿನ ತೊಟ್ಟಿ ಇದೆ. ಅದನ್ನು ತರಿಸಿದ್ದು ವಕ್ರೀಭವನದ ಪಾಠಕ್ಕೆ. ಮೀನುಗಳನ್ನು ಅನಂತರ ವಿದ್ಯಾರ್ಥಿಗಳು ತಂದು ಬಿಟ್ಟರು. ಕೆಲವು ತಿಂಗಳ ಹಿಂದೆ ಅದರಲ್ಲಿನ ಏಂಜಲ್ ಮೀನೊಂದು ಮಂಕಾಗಿ, ಮೈಯನ್ನು ಕಲ್ಲಿಗೆ ಉಜ್ಜತೊಡಗಿತು. ಬಾಲದ ಮೇಲೆ ಉಪ್ಪಿನ ಹರಳಿನಂತಹ ಎರಡು ಮೂರು ಚುಕ್ಕೆಗಳು ಕಂಡಂತಾಯಿತು. ಬಿಳಿಚುಕ್ಕೆ ರೋಗವೆಂಬುದೊಂದುಂಟು. ಏಕಕೋಶಜೀವಿಯೊಂದು ಮೀನಿನ ಚರ್ಮವನ್ನು ಹೊಕ್ಕು ಬೆಳೆದು, ಬಲಿತ ಮೇಲೆ ಕಳಚಿಬಿದ್ದು, ನೂರಾರು ಮರಿಗಳಾಗಿ ಒಡೆದು ಮತ್ತೆ ಮೀನುಗಳನ್ನು ಅರಸಿ ಹೊರಡುತ್ತದೆ. ತಡಮಾಡಿದರೆ ತೊಟ್ಟಿಯ ಮೀನುಗಳೆಲ್ಲಕ್ಕೂ ತಗಲಬಹುದು. ಹಾಗೆಂದು ರೋಗ ನಿಶ್ಚಯವಾಗದೆ ಔಷಧ ಸುರಿಯುವುದೂ ಸಲ್ಲದು. ತಾಮ್ರದ ಲವಣವುಳ್ಳ ಔಷಧವಾದರೆ ಬಸವನಹುಳುಗಳನ್ನು ಕೊಂದೀತು.

ಬೇರೊಂದು ಊರಿನಲ್ಲಿ ಪ್ರಾಣಿವಿಜ್ಞಾನವನ್ನು ಬೋಧಿಸುವ ಮಿತ್ರರಿಗೆ ಚಿತ್ರ ಕಳುಹಿಸಿ ಕೇಳೋಣವೆಂದು ವಿದ್ಯಾರ್ಥಿನಿಯೊಬ್ಬಳ ಸಾಧಾರಣ ಡಿಜಿಟಲ್ ಕ್ಯಾಮೆರಾದಿಂದ ಚಿತ್ರ ತೆಗೆದೆವು. ನಡುವೆ ಸೂರ್ಯನಂತೆ ಜ್ವಲಿಸುವ ಫ್ಲಾಷಿನ ಬಿಂಬ. ಸುತ್ತಲೂ ಇಪ್ಪತ್ತಕ್ಕೂ ಮಿಕ್ಕ ಬಿಳಿಯ ಚುಕ್ಕೆಗಳು. ಒಂದು ಮೂಲೆಯಲ್ಲಿ ನಮ್ಮದೇ ಅಂಗಿ. ಮಿತ್ರರು ಬರೆದದ್ದು ಒಂದೇ ಮಾತು: ಇವುಗಳಲ್ಲಿ ಮೀನಿನ ಚುಕ್ಕೆ ಯಾವುದು? ಕ್ಯಾಮೆರಾ ಅಗ್ಗದ್ದು, ಅದರಿಂದ ಹೀಗಾಯಿತು ಎಂದಳು ವಿದ್ಯಾರ್ಥಿನಿ. ನಾವು ಒಪ್ಪಲಿಲ್ಲ. ಬೆಳಕು ಯಾವ ದಾರಿಯಿಂದ ಮಸೂರವನ್ನು ಸೇರುತ್ತದೆಂದು ವಿಚಾರಿಸದೆ ಗುಂಡಿ ಒತ್ತಿದವರು ನಾವು.

ಮೊದಲು ಗಾಜನ್ನು ನೋಡೋಣ. ಗಾಳಿಯಿಂದ ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೪ ಪಾಲು ಹಿಂದಿರುಗುತ್ತದೆ. ಗಾಜಿನಿಂದ ನೀರನ್ನು ಹೊಗುವೆಡೆಯಲ್ಲಿ ಹಿಂದಿರುಗುವುದಾದರೋ ಅರ್ಧ ಪಾಲಿಗೂ ಕಡಮೆ. ಗಾಜಿನ ವಕ್ರೀಭವನಾಂಕ ಸುಮಾರು ೧.೫, ನೀರಿನದು ೧.೩೩, ಅಂತರ ಚಿಕ್ಕದಾದಷ್ಟೂ ಪ್ರತಿಫಲನವೂ ಚಿಕ್ಕದು. ಆದುದರಿಂದ ನಾವು ಸೆಣಸಬೇಕಾದುದು ಗಾಜಿನ ಹೊರಮೈಯೊಡನೆ. ನಾಲ್ಕು ಪಾಲೆಂದರೆ ಎಷ್ಟು ಮಹಾ ಎನ್ನಬಹುದು. ಆದರೆ ಕೋಣೆ ಬೆಳಗಿದ್ದು ತೊಟ್ಟಿ ಮಬ್ಬಾಗಿದ್ದರೆ, ಆ ನಾಲ್ಕು ಪಾಲೇ ಮೀನಿನಿಂದ ಬರುವ ಬೆಳಕನ್ನು ಮೀರಿಸುತ್ತದೆ. ಕೋಣೆಯ ದೀಪವಾರಿಸಿ, ಕಿಟಕಿಯ ಪರದೆಯೆಳೆದು, ಮಸೂರವನ್ನು ಗಾಜಿಗೆ ಸೋಕುವಷ್ಟು ಹತ್ತಿರ ಹಿಡಿದು, ಸುತ್ತ ಕಪ್ಪು ಬಟ್ಟೆ ಮುಚ್ಚಬೇಕು. ಹೊರಚಾಚುವ ಕೊಳವೆಯುಳ್ಳ ಕ್ಯಾಮೆರಾವನ್ನು ಮಾತ್ರ ಗಾಜಿಗೆ ಒತ್ತಬಾರದು.

ಫ್ಲಾಷನ್ನು ಆರಿಸಿಬಿಡುವುದೇ ಮೇಲು. ಕ್ಯಾಮೆರಾವನ್ನು ಓರೆಯಾಗಿ ಹಿಡಿದರೆ ಫ್ಲಾಷಿನ ಬಿಂಬ ಪಕ್ಕಕ್ಕೆ ಸರಿಯುತ್ತದೆಂದು ಹೇಳುವವರುಂಟು; ಅದು ಸುಳ್ಳಲ್ಲ. ಆದರೆ ಮಡಿಕೇರಿಯ ದಾರಿಯಲ್ಲಿ ಮಂಜು ಕವಿದಾಗ ಬಸ್ಸಿನ ದೀಪ ರಸ್ತೆಗಿಂತ ಮಂಜನ್ನೇ ಹೆಚ್ಚಾಗಿ ಬೆಳಗಿಸುವುದನ್ನು ಕಂಡವರಿಗೆ ಮುಂದಿನ ತೊಡಕು ತಿಳಿದೀತು. ಮಸೂರದ ಮಗ್ಗುಲಿನಿಂದಲೇ ಹೊರಟ ಬೆಳಕು ನೀರಿನಲ್ಲಿ ತೇಲುವ ಕಣಗಳಿಗೂ ಗಾಳಿಯ ಗುಳ್ಳೆಗಳಿಗೂ ತಾಗಿ ಮಸೂರದತ್ತ ಮರಳುತ್ತದೆ. ಪ್ರತಿಯೊಂದೂ ಒಂದು ಬಿಳಿಯ ಚುಕ್ಕೆ! ಇಷ್ಟು ಸಾಲದೆಂಬಂತೆ ಮೀನಿನ ಮೈಯೇ ಒಂದು ಕನ್ನಡಿ. ಅದರ ಬೆಳ್ಳಿಯ ಹೊಳಪಿಗೆ ಕಾರಣ ಗ್ವಾನೀನ್ ಎಂಬ ವಸ್ತುವಿನ ತೆಳು ಹರಳುಗಳು. ಪದರಪದರವಾಗಿ ಜೋಡಿಸಿಕೊಂಡ ಅವು ಎದುರಿನಿಂದ ಬಂದ ಬೆಳಕನ್ನು ಎದುರಿಗೇ ಎಸೆಯುತ್ತವೆ. ದೀಪ ಮೇಲಿದ್ದರೆ ಈ ಎರಡು ಕಾಟವೂ ಬಹುಮಟ್ಟಿಗೆ ತಗ್ಗುತ್ತದೆ.

ಓರೆಯಾಗಿ ನೋಡುವುದರಲ್ಲಿ ಇನ್ನೊಂದು ದೋಷವೂ ಇದೆ. ನೀರಿನಿಂದ ಗಾಜನ್ನು ದಾಟಿ ಗಾಳಿಗೆ ಬರುವ ಕಿರಣಗಳು ಬಾಗುತ್ತವೆಯಷ್ಟೆ. ಓರೆ ಹೆಚ್ಚಿದಂತೆಲ್ಲ ಒಂದೇ ಬಿಂದುವಿನಿಂದ ಹೊರಟ ಕಿರಣಗಳು ಒಂದೇ ಬಿಂದುವಿನಿಂದ ಬಂದಂತೆ ತೋರುವುದಿಲ್ಲ. ನೀಲಿ ಕೆಂಪಿಗಿಂತ ಹೆಚ್ಚು ಬಾಗುವುದರಿಂದ ಅಂಚುಗಳಿಗೆ ಬಣ್ಣ ಹಚ್ಚಿದಂತಾಗುತ್ತದೆ. ಅರ್ಧ ಮಿಲಿಮೀಟರಿನ ಚುಕ್ಕೆಯನ್ನು ಗುರುತಿಸಬೇಕಾದವರು ಗಾಜಿಗೆ ಲಂಬವಾಗಿಯೇ ನೋಡಬೇಕು. ಹಾಗೆ ನೋಡಿದಾಗ ಗಾಜಿನಿಂದ ೮ ಸೆಂ.ಮೀ. ಒಳಗಿರುವ ಬಾಲವು ೬ ಸೆಂ.ಮೀ. ಒಳಗಿರುವಂತೆ ಕಾಣುತ್ತದೆ. ಕ್ಯಾಮೆರಾಕ್ಕೂ ಈ ತೋರಿಕೆಯ ದೂರವೇ ಲೆಕ್ಕ. ಹೂವಿನ ಗುರುತುಳ್ಳ ಸಮೀಪಚಿತ್ರದ ಏರ್ಪಾಟನ್ನು ಬಳಸಬೇಕು. ಜೂಮನ್ನು ಎಳೆದರೆ ಸಮೀಪದ ಮಿತಿ ಸಾಮಾನ್ಯವಾಗಿ ಹಿಂದೆ ಸರಿಯುವುದರಿಂದ ಅದರ ಗೊಡವೆ ಬೇಡ. ಕ್ಯಾಮೆರಾ ಗಾಜಿನ ಗೀರುಗಳನ್ನೇ ಮೀನೆಂದು ಭ್ರಮಿಸಿದರೆ, ಮೀನು ಸುಳಿಯುವಷ್ಟೇ ದೂರದಲ್ಲಿರುವ ಒಂದು ಎಲೆಯತ್ತ ತಿರುಗಿಸಿ, ಗುಂಡಿಯನ್ನು ಅರ್ಧ ಒತ್ತಿ ಹಿಡಿದು ಕಾಯಬೇಕು.

ಫ್ಲಾಷಿಲ್ಲದೆ ತೆಗೆದ ಮೊದಲ ಚಿತ್ರದಲ್ಲಿ ಮೀನು ಬರಿಯ ಬೂದಿಬಣ್ಣದ ಎಳೆಯಾಗಿತ್ತು. ಕ್ಯಾಮೆರಾ ದಾಖಲಿಸಿದ್ದ ಕಾಲ ೧/೩೦ ಸೆಕೆಂಡು. ಸೆಕೆಂಡಿಗೆ ೧೦ ಸೆಂ.ಮೀ. ಸರಿಯುವ ಮೀನು ಅಷ್ಟರಲ್ಲಿ ೩ ಮಿಲಿಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಆ ಚಲನೆ ಅರ್ಧ ಮಿಲಿಮೀಟರಿಗಿಂತ ಕಡಮೆಯಾಗಬೇಕಾದರೆ ಕಾಲ ೧/೨೪೦ ಸೆಕೆಂಡಿನ ಹತ್ತಿರಕ್ಕೆ ಇಳಿಯಬೇಕು. ಎಂದರೆ ಎಂಟು ಮಡಿ ಬೆಳಕಿನ ಸಾಲ. ಮೀನಿಗೆ ೪೦ ಸೆಂ.ಮೀ. ದೂರದಲ್ಲಿದ್ದ ದೀಪವನ್ನು ೨೦ ಸೆಂ.ಮೀ.ಗೆ ತಂದೆವು, ವಿಲೋಮವರ್ಗ ನಿಯಮದಂತೆ ಸುಮಾರು ನಾಲ್ಮಡಿ ದೊರೆಯಿತು. ಐಎಸ್‌ಒ ಅಂಕವನ್ನು ೧೦೦ರಿಂದ ೨೦೦ಕ್ಕೆ ಏರಿಸಿ ಉಳಿದ ಇಮ್ಮಡಿಯನ್ನು ಪಡೆದೆವು. ಈ ಅಂಕವನ್ನು ಇನ್ನೂ ಏರಿಸಿದ್ದರೆ ದೀಪವನ್ನು ಸರಿಸುವ ಶ್ರಮ ತಪ್ಪುತ್ತಿತ್ತು; ಆದರೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಮತ್ತಷ್ಟು ಹುಸಿಚುಕ್ಕೆಗಳು ಏಳುತ್ತಿದ್ದುವು. ಸಾಧಾರಣ ಕ್ಯಾಮೆರಾಗಳು ಷಟರಿನ ಕಾಲವನ್ನು ನಮ್ಮ ಕೈಗೆ ಕೊಡದಿದ್ದರೂ, ಬೆಳಕು ಹೆಚ್ಚಿದರೆ ತಾವಾಗಿಯೇ ಅದನ್ನು ಕಿರಿದು ಮಾಡಿಕೊಳ್ಳುತ್ತವೆ. ದೀಪ ನೀರಿಗೆ ಬೀಳದಂತೆ ತೊಟ್ಟಿಯ ಮೇಲೆ ಗಾಜಿನ ಮುಚ್ಚಳವಿರಲೇಬೇಕು. ವಿದ್ಯುತ್ತಿನೊಡನೆ ಸಾಹಸ ಕೂಡದು.

ಹೀಗೆ ಎಂಟು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದೆವು. ಒಂದೇ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಸಾಲದು. ನೀರಿನ ಕಣ ಒಂದು ಚಿತ್ರದಿಂದ ಇನ್ನೊಂದಕ್ಕೆ ಅಲೆದಾಡುತ್ತದೆ. ಗಾಜಿನ ಕಲೆ ಕ್ಯಾಮೆರಾ ಸರಿದಾಗ ಚೌಕಟ್ಟಿನೊಳಗೆ ತಾನೂ ಸರಿಯುತ್ತದೆ. ಕ್ಯಾಮೆರಾದ ಒಳಗಣ ದೋಷವಾದರೆ ಏನು ಮಾಡಿದರೂ ಚೌಕಟ್ಟಿನ ಅದೇ ಜಾಗದಲ್ಲಿ ಕುಳಿತಿರುತ್ತದೆ. ಹರಳಿನ ಹೊಳಪು ಮೀನು ತಿರುಗಿದೊಡನೆ ಆರುತ್ತದೆ. ಮೀನಿನ ಚುಕ್ಕೆಯೊಂದೇ ಮೀನಿನ ಜೊತೆಯಲ್ಲಿ ಹೋಗುವುದು. ಎಂಟು ಚಿತ್ರಗಳನ್ನೂ ಹರಡಿ ವಿದ್ಯಾರ್ಥಿನಿ ಎಣಿಸಿದಳು: ಬಾಲದಂಚಿನಲ್ಲಿ ಮೂರು, ಬೆನ್ನಿನ ರೆಕ್ಕೆಯ ಬುಡದಲ್ಲಿ ನಮ್ಮ ಕಣ್ಣಿಗೆ ಬೀಳದಿದ್ದ ಎರಡು. ಉಳಿದವೆಲ್ಲ ಮಾಯವಾಗಿದ್ದುವು.

ಮಿತ್ರರ ಉತ್ತರ ಅಂದೇ ಸಂಜೆ ಬಂದಿತು; ರೋಗ ನಿಜವೇ ಎಂದು. ಬಸವನಹುಳುಗಳನ್ನು ಹಿಡಿದು ಬೇರೊಂದು ಜಾಡಿಗೆ ಬಿಟ್ಟು ಚಿಕಿತ್ಸೆಯನ್ನು ಆರಂಭಿಸಿದೆವು.