ರೆಫರಿಯ ಮಾತೇ ಕೊನೆಯ ಮಾತು ಏಕೆ?

ಟಿ.ವಿ.ಯಲ್ಲಿ ಬರುವ ದೊಡ್ಡ ಫುಟ್‌ಬಾಲ್ ಪಂದ್ಯಗಳಲ್ಲಿ ಅನುಮಾನ ಬಂದರೆ ರೆಫರಿ ಮೈದಾನದ ಅಂಚಿನಲ್ಲಿರುವ ಪರದೆಯ ಬಳಿಗೆ ಓಡುತ್ತಾರೆ. ಹತ್ತಾರು ಕ್ಯಾಮೆರಾಗಳು ಹಿಡಿದ ದೃಶ್ಯವನ್ನು ಮತ್ತೆ ಮತ್ತೆ ನೋಡಿ ತೀರ್ಮಾನ ಹೇಳುತ್ತಾರೆ. ಆದರೆ ಜಗತ್ತಿನ ಬಹುಪಾಲು ಪಂದ್ಯಗಳಿಗೆ ಈ ಭಾಗ್ಯವಿಲ್ಲ. ಭಾನುವಾರದ ಬಯಲಿನಲ್ಲಿ ನಡೆಯುವ ಹವ್ಯಾಸಿ ಪಂದ್ಯದಲ್ಲಿ ಇರುವುದು ಒಬ್ಬ ರೆಫರಿ, ಒಂದು ಸೀಟಿ, ಎರಡು ಕಣ್ಣು. ಗೆರೆಯ ಬಳಿ ಬಾವುಟ ಹಿಡಿದವರು ಎಷ್ಟೋ ಸಲ ತಂಡದ ಬದಲಿ ಆಟಗಾರರೋ ಆಟಗಾರರ ಮನೆಯವರೋ ಆಗಿರುತ್ತಾರೆ. ಚೆಂಡು ಗೋಲಿನ ಗೆರೆ ದಾಟಿತೋ ಇಲ್ಲವೋ ಎಂದು ಇಪ್ಪತ್ತೆರಡು ಮಂದಿ ಇಬ್ಭಾಗವಾಗಿ ನಿಂತಾಗ ಅಲ್ಲಿ ತಕರಾರು ಬಗೆಹರಿಯುವುದು ಹೇಗೆ?

ರೆಫರಿಯ ತೀರ್ಮಾನವೇ ಅಂತಿಮ ಎಂಬ ನಿಯಮ ಎಲ್ಲರಿಗೂ ಗೊತ್ತು. ಅದನ್ನು ಒಬ್ಬ ವ್ಯಕ್ತಿಗೆ ಕೊಟ್ಟ ಸರ್ವಾಧಿಕಾರವೆಂದು ತಿಳಿಯುವವರೂ ಇದ್ದಾರೆ. ಚರಿತ್ರೆ ಹೇಳುವುದು ಬೇರೆ.

1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಮೊದಲ ನಿಯಮಗಳನ್ನು ಬರೆದಾಗ ಅವುಗಳಲ್ಲಿ ರೆಫರಿಯ ಪ್ರಸ್ತಾಪವೇ ಇರಲಿಲ್ಲ. ಆಡುವವರು ಸಭ್ಯ ಗೃಹಸ್ಥರು, ತಕರಾರು ಬಂದರೆ ನಾಯಕರಿಬ್ಬರು ಮಾತನಾಡಿ ಮುಗಿಸುತ್ತಾರೆ ಎಂಬುದು ಅಂದಿನ ನಂಬಿಕೆ. ಪೈಪೋಟಿ ಬೆಳೆದಂತೆ ಈ ನಂಬಿಕೆ ಸಾಲದಾಯಿತು. ತಂಡಕ್ಕೊಬ್ಬರಂತೆ ಇಬ್ಬರು ಅಂಪೈರ್‌ಗಳು ಬಂದರು. ಕ್ರಿಕೆಟ್ಟಿನಲ್ಲಿ ಔಟ್‌ಗಾಗಿ ಕೂಗುವಂತೆ ಆಟಗಾರರು ಮನವಿ ಮಾಡಿದರೆ ಮಾತ್ರ ಅವರು ತೀರ್ಪು ಕೊಡುತ್ತಿದ್ದರು. ಇಬ್ಬರೂ ಒಮ್ಮತಕ್ಕೆ ಬಾರದಿದ್ದರೆ ಗೆರೆಯಾಚೆ ನಿಂತ ಮೂರನೆಯವರಿಗೆ ವಿಷಯವನ್ನು ‘ರೆಫರ್’ ಮಾಡುತ್ತಿದ್ದರು. ರೆಫರಿ ಎಂಬ ಹೆಸರು ಬಂದದ್ದೇ ಹಾಗೆ. 1891ರಲ್ಲಿ ಈ ಮೂರನೆಯವರು ಮೈದಾನದೊಳಕ್ಕೆ ಬಂದರು. ಅಂಪೈರ್‌ಗಳು ಬಾವುಟ ಹಿಡಿದು ಗೆರೆಯ ಬದಿಗೆ ಸರಿದರು. ಪೆನಾಲ್ಟಿ ಒದೆತ ಜಾರಿಗೆ ಬಂದದ್ದೂ ಅದೇ ವರ್ಷ. ಸಭ್ಯರು ಬೇಕೆಂದೇ ತಪ್ಪು ಮಾಡುತ್ತಾರೆಂದು ಭಾವಿಸುವುದೇ ಅವಮಾನವೆಂದು ಆಗಿನ ಕೆಲವು ಹವ್ಯಾಸಿಗಳು ಮುನಿಸಿಕೊಂಡಿದ್ದರು.

ಅಂದರೆ ಅಂತಿಮ ತೀರ್ಪಿನ ಅಧಿಕಾರ ರೆಫರಿ ಕಸಿದುಕೊಂಡದ್ದಲ್ಲ. ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳಲಾಗದೆ ಆಡುವವರೇ ಒಪ್ಪಿಸಿದ ಹೊಣೆ ಅದು. ರೆಫರಿ ತಪ್ಪುವುದೇ ಇಲ್ಲ ಎಂದು ಅದರ ಅರ್ಥವಲ್ಲ. ತಪ್ಪಿದರೂ ಆಟ ನಿಲ್ಲಬಾರದು ಎಂದು ಅರ್ಥ.

ಕಂಡದ್ದು ಮತ್ತು ಕಾನೂನು

ತಪ್ಪಿನಲ್ಲಿಯೂ ಎರಡು ಬಗೆ. ಒಂದು, ಕಾಣುವುದರಲ್ಲಿ ಆದ ತಪ್ಪು: ಚೆಂಡು ಕೈಗೆ ತಗುಲಿತೇ, ಆಟಗಾರ ಆಫ್‌ಸೈಡ್ ಇದ್ದನೇ ಎಂಬಂಥದ್ದು. ಆಟದ ಐದನೆಯ ನಿಯಮದಂತೆ ಇಂಥ ಸಂಗತಿಗಳಲ್ಲಿ ರೆಫರಿ ಹೇಳಿದ್ದೇ ಕೊನೆ. ಆಟ ಮತ್ತೆ ಆರಂಭವಾಗುವ ಮೊದಲು ತಮ್ಮ ತಪ್ಪು ಅರಿವಾದರೆ ರೆಫರಿ ತೀರ್ಮಾನ ಬದಲಿಸಬಹುದು. ಚೆಂಡು ಮತ್ತೆ ಉರುಳಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಇನ್ನೊಂದು, ಕಂಡದ್ದು ಸರಿಯಿದ್ದು ನಿಯಮವನ್ನೇ ತಪ್ಪಾಗಿ ಅನ್ವಯಿಸುವುದು. ಪಂದ್ಯದ ನಂತರದ ದೂರಿಗೆ ಜೀವವಿರುವುದು ಇಲ್ಲಿ.

ಎರಡು ಪ್ರಸಂಗಗಳು ಈ ವ್ಯತ್ಯಾಸವನ್ನು ತೋರಿಸುತ್ತವೆ. ಎರಡೂ ದೊಡ್ಡ ಪಂದ್ಯಗಳೇ ಆದರೂ ಪಾಠ ಸಣ್ಣ ಮೈದಾನಕ್ಕೂ ಸಲ್ಲುತ್ತದೆ. 2005ರ ಸೆಪ್ಟೆಂಬರಿನಲ್ಲಿ ತಾಷ್ಕೆಂಟಿನ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಉಜ್ಬೇಕಿಸ್ತಾನ ಬಹರೇನ್ ವಿರುದ್ಧ ಪೆನಾಲ್ಟಿಯಲ್ಲಿ ಗೋಲು ಹೊಡೆಯಿತು. ಒದೆಯುವ ಮೊದಲೇ ಅದರ ಆಟಗಾರನೊಬ್ಬ ಪೆನಾಲ್ಟಿ ಪ್ರದೇಶದೊಳಗೆ ನುಗ್ಗಿದ್ದ. ನಿಯಮದಂತೆ ಮತ್ತೆ ಒದೆಸಬೇಕಿತ್ತು. ರೆಫರಿ ಬಹರೇನಿಗೆ ಫ್ರೀ ಕಿಕ್ ಕೊಟ್ಟರು. 1–0ರಿಂದ ಗೆದ್ದಿದ್ದ ಉಜ್ಬೇಕಿಸ್ತಾನವೇ ದೂರು ಕೊಟ್ಟಿತು. ಫಿಫಾ ತಪ್ಪನ್ನು ಒಪ್ಪಿ ಇಡೀ ಪಂದ್ಯವನ್ನೇ ಮರಳಿ ಆಡಿಸಿತು. ಅದು 1–1ರಲ್ಲಿ ಮುಗಿಯಿತು; ಮುಂದಿನ ಪಂದ್ಯ ಗೋಲಿಲ್ಲದೆ ಸಮವಾಗಿ, ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಬಲದಿಂದ ಬಹರೇನ್ ಮುಂದಕ್ಕೆ ಹೋಯಿತು. ದೂರು ಗೆದ್ದಿತು, ದೂರುದಾರರು ಸೋತರು.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದು ಇನ್ನೊಂದು ಬಗೆ. ಹೆಚ್ಚುವರಿ ಅವಧಿಯಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ಅಡ್ಡಗೋಡೆ ಕಟ್ಟಿ ನಿಲ್ಲುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ರೆಫರಿ ಗೋಲನ್ನು ಎತ್ತಿಹಿಡಿದಾಗ ಕೇರಳ ತಂಡ ಮೈದಾನ ಬಿಟ್ಟು ಹೊರನಡೆಯಿತು. ಅದರ ದೂರನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ತಳ್ಳಿಹಾಕಿ 4 ಕೋಟಿ ರೂಪಾಯಿ ದಂಡ ವಿಧಿಸಿತು.

ಕೋಪ ಕೈಮೀರಿದರೆ

ದೊಡ್ಡ ತಂಡಕ್ಕೆ ದಂಡ, ಸಮಿತಿ, ವಕೀಲರಿದ್ದಾರೆ. ಹವ್ಯಾಸಿ ಮೈದಾನದಲ್ಲಿ ರೆಫರಿಯ ಸುತ್ತ ಪೊಲೀಸರಿಲ್ಲ, ಬೇಲಿಯೂ ಇಲ್ಲ. 2012ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಅಲ್ಮೇರೆ ಪಟ್ಟಣದಲ್ಲಿ ಹುಡುಗರ ಪಂದ್ಯವೊಂದಕ್ಕೆ, ಮಗನ ತಂಡದ ಪರವಾಗಿ ಸ್ವಯಂಸೇವಕನಾಗಿ ಬಾವುಟ ಹಿಡಿದಿದ್ದ ತಂದೆಯೊಬ್ಬನನ್ನು ಎದುರು ತಂಡದ ಆಟಗಾರರು ಥಳಿಸಿದರು. ಮರುದಿನ ಆತ ತೀರಿಕೊಂಡ. ಆ ವಾರಾಂತ್ಯದ ಎಲ್ಲ ಹವ್ಯಾಸಿ ಪಂದ್ಯಗಳನ್ನೂ ದೇಶ ರದ್ದುಮಾಡಿತು. ಮರುವರ್ಷ ಆರು ಹುಡುಗರಿಗೂ ಒಬ್ಬ ಆಟಗಾರನ ತಂದೆಗೂ ಶಿಕ್ಷೆಯಾಯಿತು.

ಈಚಿನ ಸುಧಾರಣೆಗಳೆಲ್ಲ ಮಾತು ಕೈಗೆ ತಿರುಗುವ ಮೊದಲೇ ತಡೆಯಲು ಹೊರಟವು. ಇಂಗ್ಲೆಂಡಿನ ತಳಮಟ್ಟದ ಲೀಗ್‌ಗಳಲ್ಲಿ 2019ರಿಂದ, ರೆಫರಿಯೊಡನೆ ವಾದಕ್ಕಿಳಿದು ಹಳದಿ ಕಾರ್ಡ್ ಪಡೆದವರು 10 ನಿಮಿಷ ಹೊರಗೆ ಕೂರಬೇಕು. ಅದಕ್ಕೂ ಮೊದಲು 31 ಲೀಗ್‌ಗಳಲ್ಲಿ ಇದನ್ನು ಪ್ರಯೋಗಿಸಿದಾಗ ಇಂಥ ವಾಗ್ವಾದ ಶೇಕಡ 38ರಷ್ಟು ಇಳಿದಿತ್ತು. ನಾಯಕರೊಬ್ಬರೇ ರೆಫರಿಯ ಬಳಿ ಹೋಗಿ ಕೇಳಬೇಕೆಂಬ ಪದ್ಧತಿ 2024ರ ಯೂರೋ ಪಂದ್ಯಾವಳಿಯಲ್ಲಿ ಎಲ್ಲರ ಕಣ್ಣಿಗೆ ಬಿತ್ತು.

ನಮ್ಮ ಬಡಾವಣೆಯ ಟೂರ್ನಿಗಳಿಗೆ ಇದಕ್ಕೆ ಖರ್ಚೇನೂ ಬೇಕಿಲ್ಲ. ಪಂದ್ಯಕ್ಕೆ ಮೊದಲು ನಾಯಕರಿಬ್ಬರನ್ನೂ ಕರೆದು, ಗೆರೆಯ ಬಾವುಟ ಚೆಂಡು ಹೊರಹೋದದ್ದಕ್ಕೆ ಮಾತ್ರವೋ ಆಫ್‌ಸೈಡಿಗೂ ಉಂಟೋ ಎಂದು ತಿಳಿಸಿದರೆ ಅರ್ಧ ಜಗಳ ಕಡಿಮೆ. ಅನುಮಾನ ಬಂದರೆ ಆಟ ಮತ್ತೆ ಆರಂಭವಾಗುವ ಮೊದಲು ನಾಯಕರೇ ಕೇಳಬೇಕು. ದೂರಿದ್ದರೆ ಬರೆದು ಸಂಘಟಕರಿಗೆ ಕೊಡಬೇಕು. ದೂರು ನಿಯಮದ ಬಗ್ಗೆ ಇರಬೇಕು, ರೆಫರಿಯ ಕಣ್ಣಿನ ಬಗ್ಗೆ ಅಲ್ಲ. ಬೈಗುಳಕ್ಕೆ ಬೇಸತ್ತು ಸೀಟಿ ಹಿಡಿಯುವವರೇ ಬಾರದೆ ಹೋದರೆ ಉಳಿಯುವುದು 1863ರ ಆಟ. ಆದರೆ ಮಾತಿನಲ್ಲೇ ಮುಗಿಸುವ ಆ ನಾಯಕರು ಈಗ ಸಿಗುವುದು ಕಷ್ಟ.