ಅಫೀಮು: ನೋವನ್ನು ನುಂಗುವ ವಿಷ

ಗಸಗಸೆಯ ಪಾಯಸವನ್ನು ಉಂಡರೆ ಕಣ್ಣು ಎಳೆಯುವುದೆಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಅಫೀಮು ಹುಟ್ಟುವುದೂ ಇದೇ ಗಸಗಸೆಯ ಗಿಡದಲ್ಲಿ. ಆದರೆ ಬೀಜವೇ ಬೇರೆ, ಅಫೀಮೇ ಬೇರೆ. ದಳಗಳುದುರಿದ ಮೇಲೆ ಬಲಿಯುವ ಹಸಿ ಕಾಯಿಯ ಮೈಯನ್ನು ಹರಿತವಾದ ಅಲಗಿನಿಂದ ಗೀರಿದರೆ ಬಿಳಿಯ ಹಾಲು ಒಸರುವುದು. ರಾತ್ರಿಯೆಲ್ಲ ಗಾಳಿಗೆ ಆರಿ ಕಂದುಬಣ್ಣದ ಅಂಟಾದ ಇದನ್ನು ಬೆಳಗ್ಗೆ ಕೆರೆದು ತೆಗೆಯುತ್ತಾರೆ. ಇದೇ ಅಫೀಮು. ಬೀಜದೊಳಗೆ ಈ ಹಾಲಿಲ್ಲ. ಮೇಲೆ ಅಂಟಿದ ಲೇಶವೂ ತೊಳೆದು ಬೇಯಿಸುವಾಗ ಬಹುಮಟ್ಟಿಗೆ ಹೋಗುತ್ತದೆ. ಹಬ್ಬದ ಮಧ್ಯಾಹ್ನದ ನಿದ್ರೆಗೆ ತುಂಬಿದ ಹೊಟ್ಟೆಯೇ ಹೆಚ್ಚು ಹೊಣೆಯೆಂದು ನಮಗೆ ತೋರುತ್ತದೆ.

ಅಫೀಮು ಒಂದೇ ವಸ್ತುವಲ್ಲ. ಹಲವು ಆಲ್ಕಲಾಯ್ಡುಗಳ ಮಿಶ್ರಣ. ಅವುಗಳಲ್ಲಿ ಮಾರ್ಫೀನ್ ಮುಖ್ಯವಾದುದು. ತೂಕದಲ್ಲಿ ನೂರಕ್ಕೆ ಸುಮಾರು ೧೦ ಪಾಲು. ಕೋಡೀನ್ ಕೆಮ್ಮನ್ನು ಅಡಗಿಸುತ್ತದೆ. ಈ ಪಾಲು ಒಂದು ಗಡ್ಡೆಯಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಿಮೆ. ಆದುದರಿಂದ ಹಿಂದಿನ ವೈದ್ಯನು ಕೊಟ್ಟ ಅದೇ ತೂಕದ ಅಫೀಮು ಒಬ್ಬನಿಗೆ ಸಾಲದಾಗುತ್ತಿತ್ತು, ಮತ್ತೊಬ್ಬನಿಗೆ ಮೃತ್ಯುವಾಗುತ್ತಿತ್ತು. ಈ ತೊಡಕನ್ನು ಬಿಡಿಸಿದವನು ಸೆರ್ಟ್ಯೂರ್ನರ್ ಎಂಬ ಜರ್ಮನ್ ಔಷಧ ವ್ಯಾಪಾರಿ. ೧೯ನೆಯ ಶತಮಾನದ ಆರಂಭದಲ್ಲಿ ಆತನು ಮಾರ್ಫೀನನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿದನು. ಬಳಿಕ ತಾನೂ ಮೂವರು ತರುಣರೂ ಅದನ್ನು ಸೇವಿಸಿ, ಮುಕ್ಕಾಲು ಗಂಟೆಯೊಳಗೆ ವಿಷವೇರಿ ಕಂಗೆಟ್ಟು, ವಾಂತಿಗಾಗಿ ಗಟ್ಟಿ ವಿನಿಗರನ್ನು ಕುಡಿದು ಬದುಕಿಕೊಂಡರು! ಈ ವೃತ್ತಾಂತವನ್ನು ಆತನೇ ೧೮೧೭ರಲ್ಲಿ ಪ್ರಕಟಿಸಿದನು. ಅನುಕರಣೀಯವಾದ ಪ್ರಯೋಗವಲ್ಲ; ಆದರೂ ಅಂದಿನಿಂದ ಔಷಧವನ್ನು ತೂಗಿ, ನಿಶ್ಚಿತವಾದ ಪ್ರಮಾಣದಲ್ಲಿ ಕೊಡುವುದು ಸಾಧ್ಯವಾಯಿತು.

ಗಿಡದ ರಸವೊಂದು ಮನುಷ್ಯನ ಮಿದುಳನ್ನು ಮುಟ್ಟುವುದು ಹೇಗೆ? ಮಿದುಳಿನಲ್ಲಿ ಮಾರ್ಫೀನ್ ಹೋಗಿ ಕೂರುವ ನೆಲೆಗಳು ಇವೆಯೆಂದು ೧೯೭೩ರಲ್ಲಿ ತಿಳಿದುಬಂದಿತು. ಆ ನೆಲೆಗಳಿಗೆ ಹೊಂದುವ, ನಮ್ಮ ದೇಹವೇ ತಯಾರಿಸುವ ವಸ್ತುಗಳು ೧೯೭೫ರಲ್ಲಿ ದೊರೆತವು. ಬೀಗ ನಮ್ಮದು, ಗಸಗಸೆಯ ಬಳಿ ಇರುವುದು ಕಳ್ಳಕೀಲಿ.

ಅಪಾಯವೂ ಇಲ್ಲಿಯೇ ಇದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೊಡನೆ ಮಿದುಳ ಕಾಂಡವು ಉಸಿರಾಟವನ್ನು ಚುರುಕುಗೊಳಿಸಬೇಕು. ಮಾರ್ಫೀನ್ ಈ ಎಚ್ಚರವನ್ನು ಮಂಕಾಗಿಸುತ್ತದೆ. ಪ್ರಮಾಣ ಮೀರಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರು ವಿರಳವಾಗಿ ಕೊನೆಗೆ ನಿಲ್ಲುತ್ತದೆ. ನಲಾಕ್ಸೋನ್ ಎಂಬ ಮದ್ದು ಮಾರ್ಫೀನನ್ನು ಆ ನೆಲೆಗಳಿಂದ ಹೊರದೂಡಿ ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲುದು. ಆದರೆ ಅದರ ಪ್ರಭಾವ ಬೇಗ ಇಳಿಯುವುದರಿಂದ ರೋಗಿಯನ್ನು ಬಿಟ್ಟು ಹೋಗುವಂತಿಲ್ಲ. ಚಟಕ್ಕೆ ಬಿದ್ದವನಿಗೆ ದಿನೇ ದಿನೇ ಹೆಚ್ಚು ಬೇಕಾಗುತ್ತದೆ. ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ದೇಹ ಅದನ್ನು ತಾಳಲಾರದು. ಎಷ್ಟೋ ಸಾವುಗಳು ಹೀಗೆಯೇ ಆಗುತ್ತವೆ.

ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಕೆಲವೆಡೆ ರೈತರು ಸರಕಾರದ ಪರವಾನಗಿಯಿಂದ ಈ ಬೆಳೆಯನ್ನು ಬೆಳೆಯುತ್ತಾರೆ. ೧೯೮೫ರ ಕಾಯಿದೆ ಕಳ್ಳಸಾಗಣೆಯನ್ನು ತಡೆಯಲೆಂದು ಎಷ್ಟು ಬಿಗಿಯಾಗಿತ್ತೆಂದರೆ, ಅಫೀಮು ಬೆಳೆಯುವ ನಾಡಿನಲ್ಲಿಯೇ ಕ್ಯಾನ್ಸರ್ ರೋಗಿಗಳು ಮಾರ್ಫೀನ್ ದೊರೆಯದೆ ನರಳಿದರು. ಇದನ್ನು ನಾವು ನ್ಯಾಯವೆನ್ನಲಾರೆವು. ೨೦೧೪ರ ತಿದ್ದುಪಡಿ ಆಸ್ಪತ್ರೆಗಳ ದಾರಿಯನ್ನು ಸುಗಮಗೊಳಿಸಿತು. ವೈದ್ಯರ ಕಣ್ಗಾವಲಿನಲ್ಲಿ ಅಂಥ ರೋಗಿಗೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಮಾರ್ಫೀನ್ ಮಾತ್ರೆಯನ್ನು ಕೊಡುತ್ತಾರೆ; ಅದು ಕರುಳನ್ನೂ ಜಡಗೊಳಿಸುವುದರಿಂದ ಜೊತೆಗೆ ಮಲಬದ್ಧತೆಗೆ ಬೇರೊಂದು ಔಷಧವನ್ನು ಮೊದಲ ದಿನದಿಂದಲೇ ಬರೆಯುತ್ತಾರೆ.