ಬೆಳಗಾಯ್ತು, ಹಾಜರಿ ಹಾಕಿ ಸ್ವಾಮಿ!

ಮೈಸೂರಿನಲ್ಲಿ ಬೆಳಗಿನ ಆರೂವರೆಗೆ ಏನೇನು ಕೇಳುತ್ತದೆ ಎಂದು ಪಟ್ಟಿ ಮಾಡಿ. ಹಾಲಿನ ಗಾಡಿ, ಪೇಪರ್ ಹುಡುಗನ ಸ್ಕೂಟರ್, ಕಸದ ಗಾಡಿಯ ಹಾಡು, ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಬಸ್ಸಿಗೆ ಬೀಳುವ ಬೈಗುಳ. ಇವೆಲ್ಲ ಎಲ್ಲರ ಕಿವಿಗೂ ಬೀಳುವಂಥವು. ಅದೇ ಹೊತ್ತಿಗೆ ಊರಿನ ಮೇಲೆ, ಯಾರ ಕಿವಿಗೂ ತಾಗದೆ, ಇನ್ನೊಂದು ಗದ್ದಲ ಹಾದುಹೋಗುತ್ತಿರುತ್ತದೆ.

"ಗುಡ್ ಮಾರ್ನಿಂಗ್ ಓಎಂ, ಕಾಫಿ ಆಯ್ತಾ?"

"ಆಯ್ತು ರಾಯರೇ. ನಮ್ಮಲ್ಲಿ ರಾತ್ರಿಯೆಲ್ಲಾ ಮಳೆ. ನಿಮ್ಮ ಕಡೆ ಹೇಗೆ?"

"ಮೋಡ ಇದೆ, ಮಳೆ ಇಲ್ಲ. ನಿಮ್ಮ ಧ್ವನಿ ಫೈವ್ ನೈನ್ ಬರ್ತಾ ಇದೆ. ಮಂಡಿ ನೋವು ಹೇಗಿದೆ?"

ಇದು ಮೊಬೈಲ್ ಫೋನಿನ ಮಾತಲ್ಲ, ಕಾಫಿ ಕ್ಲಬ್ಬಿನ ಮಾತೂ ಅಲ್ಲ. ಒಬ್ಬರು ಹಾಸನದಲ್ಲಿ, ಒಬ್ಬರು ಮಂಗಳೂರಿನಲ್ಲಿ, ಮತ್ತೊಬ್ಬರು ಹುಬ್ಬಳ್ಳಿಯಲ್ಲಿ ಕೂತು ಸ್ವಂತ ರೇಡಿಯೊದಲ್ಲಿ ಆಡುವ ಮಾತು. ಇವರಿಗೆ ಹ್ಯಾಮ್‌ಗಳು ಎಂದು ಹೆಸರು, ಕಾಗದಪತ್ರದಲ್ಲಿ ಹವ್ಯಾಸಿ ರೇಡಿಯೊ ನಿರ್ವಾಹಕರು. ಬೆಳಗಿನ ಈ ಕೂಟಕ್ಕೆ ಅವರ ಬಾಯಲ್ಲಿ 'ನೆಟ್' ಅಂತ ಹೆಸರು. ಇಂಟರ್‌ನೆಟ್ ಹುಟ್ಟುವುದಕ್ಕೂ ಮುಂಚಿನ ನೆಟ್ ಇದು.

ಹಾಜರಿ ಪುಸ್ತಕ

ನೆಟ್ಟಿಗೆ ಒಬ್ಬ ಮೇಸ್ಟ್ರು ಇರುತ್ತಾರೆ, ನೆಟ್ ಕಂಟ್ರೋಲ್ ಅಂತ. ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಅವರು ಒಬ್ಬೊಬ್ಬರ ಕರೆಸಂಕೇತ ಕೂಗುತ್ತಾರೆ. ಭಾರತದವರ ಸಂಕೇತ ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುತ್ತದೆ, ಆಮೇಲೆ ಎರಡೋ ಮೂರೋ ಅಕ್ಷರ. ಸರ್ಕಾರ ಕೊಟ್ಟ ಈ ಸಂಕೇತ ಜಗತ್ತಿನಲ್ಲಿ ಇನ್ನೊಬ್ಬರಿಗೆ ಇರುವುದಿಲ್ಲ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು, ಅವರದು ವಿಯು2ಆರ್‌ಜಿ.

ಕೂಗಿದವರು ಹೂಂಗುಟ್ಟಬೇಕು, ಹವೆ ಹೇಳಬೇಕು, ಎದುರಿನವರ ಧ್ವನಿ ಹೇಗೆ ಬಂತು ಅಂತ ಅಂಕ ಕೊಡಬೇಕು. 'ಫೈವ್ ನೈನ್' ಅಂದರೆ ಮಾತು ಪೂರ್ತಿ ಸ್ಪಷ್ಟ, ಅಲೆಯೂ ಬಲವಾಗಿದೆ ಎಂದರ್ಥ. ಗಂಡಸರೆಲ್ಲ ಇಲ್ಲಿ 'ಓಎಂ', ಅಂದರೆ ಓಲ್ಡ್ ಮ್ಯಾನ್. ಹೈಸ್ಕೂಲು ಹುಡುಗನೂ ಓಲ್ಡ್ ಮ್ಯಾನೇ! ಹೆಂಗಸರು ಮಾತ್ರ 'ವೈಎಲ್', ಯಂಗ್ ಲೇಡಿ. ವಯಸ್ಸು ಎಂಬತ್ತಾದರೂ ಸರಿಯೇ, ಈ ಬಡ್ತಿ ಕಸಿದುಕೊಳ್ಳುವ ಹಾಗಿಲ್ಲ. ಹೊರಡುವಾಗ 'ಸೆವೆಂಟಿ ತ್ರೀ' ಅನ್ನುತ್ತಾರೆ, ಶುಭಾಶಯ ಅಂತ. ತಂತಿ ಕಚೇರಿಯವರು ಕಡ್ಡಿ ಕುಟ್ಟುತ್ತಿದ್ದ ಕಾಲದಿಂದ ಬಂದ ಅಂಕಿ ಅದು.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಇಬ್ಬರೂ ಒಟ್ಟಿಗೆ ಒತ್ತಿದರೆ ಇಬ್ಬರದೂ ಅರ್ಥವಾಗದು. ನಡುವೆ ಬರಬೇಕಾದವರು ಸಂದು ನೋಡಿ 'ಬ್ರೇಕ್' ಎನ್ನಬೇಕು. ಅಪಘಾತ, ಅವಘಡ ಎಂದರೆ ಎಲ್ಲರೂ ದಾರಿ ಬಿಡಬೇಕು. ನಮ್ಮ ಕೌನ್ಸಿಲ್ ಸಭೆಗಳಿಗೆ ಈ ಯಂತ್ರ ಜೋಡಿಸಿದರೆ ಎಷ್ಟು ಚೆನ್ನ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಲ್ಲ.

ಕಾನೂನೇ ಒಪ್ಪಿದ ಹರಟೆ

"ಮಳೆ, ಕಾಫಿ, ಮಂಡಿ ನೋವು... ಇದಕ್ಕೆ ರೇಡಿಯೊ ಬೇರೆ ಬೇಕಾ?" ಅಂತ ಕೇಳುವವರಿದ್ದಾರೆ. ತಮಾಷೆ ಎಂದರೆ ಈ ಹರಟೆಗೆ ಕಾನೂನಿನ ಮುದ್ರೆಯೇ ಇದೆ. ಹವ್ಯಾಸಿಗಳು ತಮ್ಮ ಯಂತ್ರದ ಪರೀಕ್ಷೆಯ ಬಗ್ಗೆ ಮಾತಾಡಬಹುದು. ಜೊತೆಗೆ, ತಂತಿ ಕಚೇರಿಗೆ ಹೋಗಿ ದುಡ್ಡು ಕೊಟ್ಟು ಕಳಿಸುವಷ್ಟು ಮಹತ್ವವಿಲ್ಲದ ಖಾಸಗಿ ಮಾತನ್ನೂ ಆಡಬಹುದು. ಅಂತಾರಾಷ್ಟ್ರೀಯ ರೇಡಿಯೊ ನಿಯಮಗಳಲ್ಲಿ ಬಹುಕಾಲ ಇದ್ದ ತಾತ್ಪರ್ಯ ಇದು. ಅಂದರೆ ಕೆಲಸಕ್ಕೆ ಬಾರದ ಮಾತಿಗೆ ಅಪ್ಪಣೆ, ಕಾಸು ಹುಟ್ಟುವ ಮಾತಿಗೆ ಬಂದ್! ಅಡಿಕೆ ಧಾರಣೆ ಹೇಳಿ ವ್ಯಾಪಾರ ಕುದುರಿಸುವ ಹಾಗಿಲ್ಲ, ಅಂಗಡಿಗೆ ಆರ್ಡರ್ ಕೊಡುವ ಹಾಗಿಲ್ಲ, ಹಾಡು ಹಾಕಿ ಆಕಾಶವಾಣಿ ನಡೆಸುವ ಹಾಗೂ ಇಲ್ಲ.

ಆದರೆ ಲೈಸೆನ್ಸ್ ಇಲ್ಲದೆ ಬಾಯಿ ಬಿಟ್ಟರೆ ಅಪರಾಧ. ಕೇಂದ್ರ ಸಂವಹನ ಸಚಿವಾಲಯದ ವೈರ್‌ಲೆಸ್ ವಿಭಾಗ ಪರೀಕ್ಷೆ ನಡೆಸುತ್ತದೆ. ವಿದ್ಯುತ್ತು, ರೇಡಿಯೊ ಕೆಲಸ ಮಾಡುವ ಬಗೆ, ಕಾಯಿದೆ, ಇಷ್ಟೂ ಓದಿಕೊಂಡು ಪಾಸಾಗಬೇಕು. 1978ರ ನಿಯಮಗಳು 12 ವರ್ಷ ತುಂಬಿದ ಮಕ್ಕಳಿಗೂ ಬಾಗಿಲು ತೆರೆದವು.

ಬೆಳಿಗ್ಗೆಯೇ ಏಕೆ?

ಇದರ ಗುಟ್ಟು ಆಕಾಶದಲ್ಲಿದೆ. ಊರೂರಿನ ಹರಟೆಗೆ ಹ್ಯಾಮ್‌ಗಳು ಹೆಚ್ಚಾಗಿ ಹಿಡಿಯುವುದು 40 ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಸ್ ಆಸುಪಾಸು. ನೆಲದಿಂದ 200 ಕಿಲೋಮೀಟರಿಗೂ ಮೇಲೆ ಸೂರ್ಯನ ಕಿರಣ ತಾಗಿ ವಿದ್ಯುತ್ಕಣ ತುಂಬಿದ ಒಂದು ಪದರ ಇದೆ. ಟಾರ್ಚನ್ನು ಚಾವಣಿಗೆ ಬಿಟ್ಟರೆ ಬೆಳಕು ಕೋಣೆಗೆಲ್ಲ ಚೆಲ್ಲುವುದಿಲ್ಲವೇ? ಹಾಗೆ, ಮೇಲಕ್ಕೆ ಬಿಟ್ಟ ಅಲೆ ಆ ಪದರಕ್ಕೆ ತಾಗಿ ಸುತ್ತಲಿನ ನೂರಾರು ಕಿಲೋಮೀಟರಿಗೆ ಇಳಿಯುತ್ತದೆ. ನಡುವೆ ಪಶ್ಚಿಮಘಟ್ಟ ಅಡ್ಡ ನಿಂತರೂ ಮಡಿಕೇರಿಯವರು ಮಂಗಳೂರಿನವರನ್ನು ಮಾತಾಡಿಸಬಹುದು.

ನಸುಕಿನಲ್ಲಿ ಆ ಚಾವಣಿ ತೆಳ್ಳಗಿರುತ್ತದೆ. ನೆಟ್ಟಗೆ ಏರಿದ ಅಲೆ ತೂರಿಕೊಂಡು ಹೋಗಿಬಿಡುತ್ತದೆ. ಆಗ ದೂರದವರು ಕೇಳಿಸುತ್ತಾರೆ, ಪಕ್ಕದ ಜಿಲ್ಲೆಯವರು ಕೇಳಿಸುವುದಿಲ್ಲ. ಹೊತ್ತು ಮೂಡಿದ ಮೇಲೆ ಚಾವಣಿ ಗಟ್ಟಿಯಾಗುತ್ತದೆ, ಹತ್ತಿರದವರೆಲ್ಲ ಒಬ್ಬೊಬ್ಬರಾಗಿ ಮೇಲೇಳುತ್ತಾರೆ. ಬಿಸಿಲು ನೆತ್ತಿಗೆ ಬಂದರೆ ಕೆಳಗಿನ ಇನ್ನೊಂದು ಪದರ ಅಲೆಯನ್ನು ನುಂಗಲು ಶುರು ಮಾಡುತ್ತದೆ. ಆದ್ದರಿಂದ ಕಾಫಿಗೂ ತಿಂಡಿಗೂ ನಡುವಿನ ಹೊತ್ತೇ ಶುಭ ಮುಹೂರ್ತ.

ಇನ್ನೊಂದು ಕಾರಣ ಆಕಾಶದ್ದಲ್ಲ, ಪೇಟೆಯದು. ಅಂಗಡಿಗಳ ಷಟರ್ ಏಳುವ ಮುಂಚೆ ಊರಿನ ವಿದ್ಯುತ್ ಕಿರಿಕಿರಿ ಕಡಿಮೆ. ಆ ಮಾತು ಮುಂದೆ ಬರುತ್ತದೆ.

66 ಅಡಿ ತಂತಿ

ಇದೇನು ಸಾಹುಕಾರರ ಶೋಕಿ ಎಂದುಕೊಳ್ಳಬೇಡಿ. ವಿದೇಶಿ ಸೆಟ್ಟಿಗೆ ಬೆಲೆ ಹೆಚ್ಚು, ನಿಜ. ಆದರೆ ಹೈದರಾಬಾದಿನ ಅಶ್ಹರ್ ಫರ್ಹಾನ್ ಎಂಬ ಹ್ಯಾಮ್ 2003ರಲ್ಲಿ 'ಬಿಟೆಕ್ಸ್' ಎಂಬ ಸೆಟ್ಟಿನ ನಕ್ಷೆ ಪ್ರಕಟಿಸಿದರು. ಪೇಟೆಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗಗಳಿಂದಲೇ ಮನೆಯಲ್ಲಿ ಬೆಸುಗೆ ಹಾಕಿ ಕಟ್ಟಬಹುದಾದ ಸೆಟ್ ಅದು. ಇಲ್ಲಿನವರಷ್ಟೇ ಅಲ್ಲ, ಹೊರದೇಶದವರೂ ಅದನ್ನು ನೋಡಿ ಕಟ್ಟಿದರು.

ಆಂಟೆನಾ ಇನ್ನೂ ಸುಲಭ. 33 ಅಡಿಯ ಎರಡು ತಂತಿ, ಒಟ್ಟು 66 ಅಡಿ. ನಡುವೆ ಒಂದು ಕೇಬಲ್. ಒಂದು ಕೋಲಿಗೆ ನಡುಭಾಗ ಕಟ್ಟಿ ಎರಡು ತುದಿಯನ್ನೂ ಇಳಿಬಿಟ್ಟರೆ ಮುಗಿಯಿತು. ಬಟ್ಟೆ ಒಣಗಿಸುವ ಹಗ್ಗಕ್ಕಿಂತ ಹೆಚ್ಚಿನ ಡೌಲು ಅದಕ್ಕಿಲ್ಲ. ಕಾರಿನ 12 ವೋಲ್ಟ್ ಬ್ಯಾಟರಿ ಸಾಕು, ಮಾತು ರಾಜ್ಯ ದಾಟುತ್ತದೆ.

ಮೈಸೂರಿಗಂತೂ ಇಂಥ ಹುಚ್ಚು ಹೊಸದಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಂಟಿಕೊಂಡದ್ದು ಆ ನಿಲಯಕ್ಕೆ, ಆಮೇಲೆ ಇಡೀ ದೇಶದ ರೇಡಿಯೊಕ್ಕೆ ಅದೇ ಹೆಸರಾಯಿತು. ಮನೆಯ ಕೋಣೆಯಿಂದ ಆಕಾಶಕ್ಕೆ ಮಾತು ಬಿಡುವ ಕೆಲಸದಲ್ಲಿ ಈ ಊರು ಹಿರಿಯಣ್ಣ.

2005ರ ಮೇ 5ರಂದು ಇಸ್ರೋ ಹ್ಯಾಮ್‌ಗಳಿಗೆಂದೇ 'ಹ್ಯಾಮ್‌ಸ್ಯಾಟ್' ಎಂಬ ಪುಟ್ಟ ಉಪಗ್ರಹ ಹಾರಿಸಿತು. ತೂಕ ಒಂದು ಮೂಟೆ ಅಕ್ಕಿಯಷ್ಟೂ ಇರಲಿಲ್ಲ. 2014ರವರೆಗೂ ಜಗತ್ತಿನ ಹವ್ಯಾಸಿಗಳ ಮಾತನ್ನು ಅದು ಹೊತ್ತು ತಿರುಗಿತು.

ಡಿಸೆಂಬರ್ 26ರ ಬೆಳಿಗ್ಗೆ

ಈಗ ಮುಖ್ಯ ಮಾತು. ಈ ಹರಟೆಯಿಂದ ಊರಿಗೇನು ಲಾಭ?

2004ರ ಡಿಸೆಂಬರಿನಲ್ಲಿ ದೆಹಲಿಯ ಹ್ಯಾಮ್ ಭಾರತಿ ಪ್ರಸಾದ್ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಅಂಡಮಾನಿನಿಂದ ಹವ್ಯಾಸಿ ರೇಡಿಯೊಗೆ ಅನುಮತಿ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಹಾಗಾಗಿ ಜಗತ್ತಿನ ಮೂಲೆಮೂಲೆಯವರು ಅವರ ವಿಯು4ಆರ್‌ಬಿಐ ಸಂಕೇತಕ್ಕೆ ಮುಗಿಬಿದ್ದಿದ್ದರು. ಅಪ್ಪಟ ಹವ್ಯಾಸ, ಕಾರ್ಡು ಕೂಡಿಸುವ ಆಟ ಅನ್ನಿ. 26ರ ಬೆಳಿಗ್ಗೆ ನೆಲ ನಡುಗಿತು, ಹಿಂದೆಯೇ ಸುನಾಮಿ ಬಂತು. ವಿದ್ಯುತ್ ಇಲ್ಲ, ಫೋನ್ ಇಲ್ಲ. ಆಟಕ್ಕೆ ತಂದಿದ್ದ ರೇಡಿಯೊಗಳು ಅಲ್ಲೇ ಇದ್ದವು. ಅವರೂ ಸಂಗಡಿಗರೂ ಊರಿಗೆ ಓಡಿ ಬರದೆ ಅಲ್ಲೇ ಉಳಿದು, ಯಾರು ಬದುಕಿದ್ದಾರೆ, ಯಾರಿಗೆ ಏನು ಬೇಕು ಎಂಬ ಸಂದೇಶಗಳನ್ನು ದಾಟಿಸಿದರು. 1999ರ ಒಡಿಶಾ ಚಂಡಮಾರುತದಲ್ಲಿ, 2001ರ ಭುಜ್ ಭೂಕಂಪದಲ್ಲಿ ಕೂಡ ಹ್ಯಾಮ್‌ಗಳು ಸೆಟ್ಟು, ಬ್ಯಾಟರಿ ಹೊತ್ತು ಹೋಗಿದ್ದರು.

"ಈಗ ಎಲ್ಲರ ಜೇಬಲ್ಲೂ ಮೊಬೈಲ್ ಇದೆಯಲ್ಲ!" ಅಂದರೆ, ಇದೆ. ಮೊಬೈಲಿನ ಪ್ರಾಣ ಟವರಿನಲ್ಲಿದೆ. ಟವರಿನ ಪ್ರಾಣ ಕರೆಂಟಿನಲ್ಲಿ, ಅದು ಹೋದರೆ ಬ್ಯಾಟರಿ, ಡೀಸೆಲ್ಲಿನಲ್ಲಿದೆ. ಗುಡ್ಡ ಜಾರಿ ರಸ್ತೆ ಕಡಿದರೆ ಡೀಸೆಲ್ ಬರುವುದು ಎಲ್ಲಿಂದ? ಹ್ಯಾಮ್‌ಗೆ ಟವರ್ ಬೇಡ. ಅವನ ಬ್ಯಾಟರಿ, ಅವನ ತಂತಿ, ಮೇಲೆ ಆಕಾಶ.

ಆದರೆ ಸೆಟ್ಟು ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ. ಯಾವ ಹೊತ್ತಿಗೆ ಯಾವ ಊರು ಕೇಳಿಸುತ್ತದೆ, ಯಾರ ಆಂಟೆನಾ ಮಳೆಗೆ ಬಿದ್ದಿದೆ, ಯಾರ ಬ್ಯಾಟರಿ ಸೊರಗಿದೆ, ಕಿರಿಕಿರಿಯ ನಡುವೆ ಯಾರ ಧ್ವನಿ ಹೇಗೆ ಗುರುತಿಸಬೇಕು, ಇದೆಲ್ಲ ಪುಸ್ತಕದಿಂದ ಬರುವ ವಿದ್ಯೆಯಲ್ಲ. ದಿನಾ ಬೆಳಿಗ್ಗೆ "ಕಾಫಿ ಆಯ್ತಾ?" ಅಂತ ಕೇಳಿ ಕೇಳಿ ಬರುವಂಥದ್ದು. ಫೈರ್ ಇಂಜಿನ್ನಿನವರು ಬೆಂಕಿ ಇಲ್ಲದ ದಿನವೂ ಪೈಪು ಬಿಚ್ಚಿ ನೋಡುವುದಿಲ್ಲವೇ? ಹಾಗೆ ಇದು.

ಹಾಜರಿ ಕೂಗಿದಾಗ ಉತ್ತರ ಬಾರದಿದ್ದರೆ ಅದೂ ಒಂದು ಸುದ್ದಿ. ಒಂದು ದಿನ ಬಾರದಿದ್ದರೆ ಊರಿಗೆ ಹೋಗಿರಬೇಕು ಅಂತಾರೆ. ಎರಡು ದಿನವಾದರೆ ಯಾರಾದರೂ ಫೋನ್ ಮಾಡುತ್ತಾರೆ. ಮಕ್ಕಳು ಪರದೇಶದಲ್ಲಿ, ಮನೆಯಲ್ಲಿ ತಾನೊಬ್ಬನೇ ಎಂಬ ಮುದುಕರಿಗೆ ಈ ಕೂಗು ಎಂಥ ಆಸರೆ ಎಂಬುದು ಒಂಟಿ ಇರುವವರಿಗೇ ಗೊತ್ತು. ಹ್ಯಾಮ್ ತೀರಿಕೊಂಡರೆ 'ಸೈಲೆಂಟ್ ಕೀ' ಎನ್ನುತ್ತಾರೆ, ಮೌನವಾದ ಕೀಲಿ. ಹಾಜರಿ ಪಟ್ಟಿಯಲ್ಲಿ ಒಂದು ಸಂಕೇತ ಕಡಿಮೆ.

ಕುತ್ತು ಬಂದಿರುವುದು ಎಲ್ಲಿಂದ?

ಮೊದಲನೆಯದು, ಜಾಗ. ಹೆಂಚಿನ ಮನೆ, ಹಿತ್ತಿಲು, ತೆಂಗಿನ ಮರ ಹೋಗಿ ಅಪಾರ್ಟ್‌ಮೆಂಟ್ ಬಂತು. ತಾರಸಿ ಎಲ್ಲರದು, ಅಂದರೆ ಯಾರದೂ ಅಲ್ಲ. ಅಲ್ಲಿ 66 ಅಡಿ ತಂತಿ ಕಟ್ಟುತ್ತೇನೆಂದರೆ ಸಂಘದವರ ಹುಬ್ಬು ಮೇಲೇರುತ್ತದೆ. "ಸಿಡಿಲು ಬಡಿದರೆ?" "ಟಿ.ವಿ. ಕೆಟ್ಟರೆ?" "ಈ ಮನುಷ್ಯ ಗೂಢಚಾರನಲ್ಲ ತಾನೆ?" ಸಿಡಿಲಿಗೆ ಅರ್ಥಿಂಗ್ ಇದೆ, ಗೂಢಚಾರನಲ್ಲ ಎಂಬುದಕ್ಕೆ ಸರ್ಕಾರದ ಲೈಸೆನ್ಸ್ ಇದೆ. ಕೇಳುವ ವ್ಯವಧಾನ ಒಂದು ಇರಬೇಕು ಅಷ್ಟೆ.

ಎರಡನೆಯದು, ಗದ್ದಲ. ಅಗ್ಗದ ಎಲ್ಇಡಿ ಬಲ್ಬು, ಹೆಸರಿಲ್ಲದ ಚಾರ್ಜರು, ಮಿಣಮಿಣ ಬೋರ್ಡು, ಇವುಗಳೊಳಗಿನ ವಿದ್ಯುತ್ ಸರ್ಕೀಟು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಹಾಕಿ ಆರಿಸಿ ಮಾಡುತ್ತದೆ. ಒಳ್ಳೆಯ ಮಾಲಿನಲ್ಲಿ ಆ ಕಿರಿಕಿರಿ ಹೊರಗೆ ಬಾರದಂತೆ ತಡೆಯುವ ಭಾಗ ಇರುತ್ತದೆ. ಅಗ್ಗದ ಮಾಲಿನಲ್ಲಿ ಹತ್ತು ರೂಪಾಯಿ ಉಳಿಸಲು ಅದನ್ನೇ ಕಿತ್ತಿರುತ್ತಾರೆ. ಬೀದಿಯ ಷಟರುಗಳು ಎದ್ದು ಬೋರ್ಡುಗಳು ಬೆಳಗಿದ್ದೇ ತಡ, ರೇಡಿಯೊದಲ್ಲಿ ಒಗ್ಗರಣೆ ಸಿಡಿದ ಸದ್ದು. ಹಾಸನದವರ ಧ್ವನಿ ಅದರಲ್ಲೇ ಮುಳುಗಿ ಹೋಗುತ್ತದೆ.

ಅಂಗಡಿಯವರಿಗೆ ಎರಡು ಮಾತು

ಬೋರ್ಡಿನ ಲೈಟು, ಅಡಾಪ್ಟರು ಕೊಳ್ಳುವಾಗ ಐಎಸ್ಐ ಅಥವಾ ಬಿಐಎಸ್ ಗುರುತು ನೋಡಿ ಕೊಳ್ಳಿ. ಬಾಳಿಕೆಯೂ ಬರುತ್ತದೆ, ಬೆಂಕಿಯ ಭಯವೂ ಕಡಿಮೆ, ಪಕ್ಕದ ಬೀದಿಯ ಹ್ಯಾಮ್‌ಗೆ ಉಪಕಾರವೂ ಆದೀತು.

ಎರಡನೆಯದು, ವಾಕಿಟಾಕಿ. ಗೋಡೌನಿಗೊಂದು, ಕೌಂಟರಿಗೊಂದು ಎಂದು ಆನ್‌ಲೈನಿನಲ್ಲಿ ಸಿಕ್ಕಿದ್ದನ್ನು ತರಿಸಿಕೊಳ್ಳುವ ಅಭ್ಯಾಸ ಹಬ್ಬಿದೆ. ಲೈಸೆನ್ಸ್ ಇಲ್ಲದೆ ಬಳಸಬಹುದಾದವು 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಸರ್ಕಾರದ ಒಪ್ಪಿಗೆ ಪಡೆದ ಕಡಿಮೆ ಶಕ್ತಿಯ ಸೆಟ್ಟುಗಳು. ಉಳಿದ ತರಂಗಾಂತರದಲ್ಲಿ ಗುಂಡಿ ಒತ್ತಿದರೆ ಪೊಲೀಸರದ್ದೋ ಹ್ಯಾಮ್‌ಗಳದ್ದೋ ದಾರಿಗೆ ಅಡ್ಡ ಬಂದ ಹಾಗೆ. ಇಂಥ ಸೆಟ್ಟುಗಳ ಅಕ್ರಮ ಮಾರಾಟ ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಮಾರ್ಗಸೂಚಿ ಹೊರಡಿಸಿದೆ. ಕೊಳ್ಳುವ ಮುಂಚೆ ಡಬ್ಬಿಯ ಮೇಲೆ ಬರೆದದ್ದು ಓದುವುದು ಜಾಣತನ.

ಇನ್ನು ಸಂಬಂಧಪಟ್ಟವರಿಗೆ. ಮಳೆಗಾಲದ ಮುಂಚೆ ವಿಪತ್ತು ನಿರ್ವಹಣೆಯ ಸಭೆಗಳು ನಡೆಯುತ್ತವೆ. ದೋಣಿ ಎಷ್ಟು, ಜೆಸಿಬಿ ಎಷ್ಟು, ಗಂಜಿ ಕೇಂದ್ರ ಎಲ್ಲಿ ಎಂದು ಪಟ್ಟಿ ತಯಾರಾಗುತ್ತದೆ. ಆ ಪಟ್ಟಿಯಲ್ಲಿ ತಾಲ್ಲೂಕಿಗೆ ಯಾರ್ಯಾರು ಹ್ಯಾಮ್‌ಗಳಿದ್ದಾರೆ ಎಂಬ ಒಂದು ಕಾಲಂ ಸೇರಿಸಲು ಖರ್ಚೇನೂ ಇಲ್ಲ. ಹೈಸ್ಕೂಲುಗಳ ವಿಜ್ಞಾನ ಸಂಘಕ್ಕೆ ಒಬ್ಬ ಹ್ಯಾಮ್‌ನನ್ನು ಕರೆಸಿ ಅರ್ಧ ದಿನ ತೋರಿಸಿದರೆ ನಾಲ್ಕು ಮಕ್ಕಳಿಗಾದರೂ ಹುಚ್ಚು ಹತ್ತೀತು. ಅಪಾರ್ಟ್‌ಮೆಂಟ್ ಸಂಘದವರು ತಾರಸಿಯ ಒಂದು ಮೂಲೆ, ಒಂದು ಕೋಲು, ಒಂದು ತಂತಿಗೆ ಒಪ್ಪಿದರೆ ಅವರ ಗಂಟೇನೂ ಹೋಗದು. ನೀರು ನುಗ್ಗಿದ ರಾತ್ರಿ ಮೊಬೈಲ್ ಸತ್ತಾಗ ಆ ತಂತಿಯ ಕೆಳಗೇ ಎಲ್ಲರೂ ಬಂದು ನಿಲ್ಲಬೇಕಾದೀತು.